ಇಂದಿನ ಚಿಂತನೆ: ಸಮ್ಮಾ ಆಜೀವ ಮತ್ತು ಬಾಬಾಸಾಹೇಬರು ಬರೆದಿಟ್ಟ ಒಂದು ಕಲಮು

 



ಈ ವಾರ ನಮ್ಮ ಅಧ್ಯಯನ ಬಳಗದಲ್ಲಿ ಅಷ್ಟಾಂಗ ಮಾರ್ಗದ ಐದನೆಯ ಅಂಗವಾದ ಸಮ್ಮಾ ಆಜೀವದ ಬಗ್ಗೆ ಮಾತು ನಡೆದಿದೆ. ಆಯುಧ, ವಿಷ, ಮದ್ಯ, ಮಾಂಸ ಮತ್ತು ಮನುಷ್ಯರ ವ್ಯಾಪಾರ ಮಾಡಬಾರದು ಎಂಬುದನ್ನು ನಿನ್ನೆಯವರೆಗೆ ಓದಿದೆವು. ಇಂದು ಬರೆಯುವ ಸರದಿ ನನ್ನದು. ನನಗೆ ಇನ್ನೊಂದು ಪ್ರಶ್ನೆ ಕಾಡುತ್ತಿದೆ. ಕಸುಬು ಶುದ್ಧವಾಗಿದ್ದರೂ ಆ ಕಸುಬು ನಡೆಯುವ ಜಾಗದಲ್ಲಿ ಮನುಷ್ಯನನ್ನು ಮನುಷ್ಯ ದೂರವಿಡುತ್ತಿದ್ದರೆ ಅದು ಸಮ್ಮಾ ಆಜೀವ ಆದೀತೇ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಬಾಬಾಸಾಹೇಬರ ಬದುಕಿನ ಕಡೆಗೆ ಹೋದೆ. ಅವರನ್ನು ನಾವು ಸಂವಿಧಾನ ಶಿಲ್ಪಿ ಎಂದು ನೆನೆಯುತ್ತೇವೆ, ಬೋಧಿಸತ್ವ ಎಂದು ನಮಿಸುತ್ತೇವೆ. ಆದರೆ ಅವರು ನಮ್ಮ ಹಾಗೆ ನೌಕರಿ ಮಾಡಿದವರು. ಕಚೇರಿಯಲ್ಲಿ ಮೇಜಿನ ಮುಂದೆ ಕೂತವರು, ಬಾಯಾರಿದಾಗ ನೀರು ಎಲ್ಲಿದೆ ಎಂದು ನೋಡಿದವರು. ಇವತ್ತು ಅವರ ಬದುಕಿನ ಆ ಭಾಗವನ್ನಷ್ಟೇ ಹೇಳುತ್ತೇನೆ. ಜವಳಿ ಗಿರಣಿಯೊಂದರ ನೇಯ್ಗೆ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದವನಿಗೆ ಈ ಭಾಗ ಹತ್ತಿರದ್ದು.

ಮೊದಲು ಅವರ ತಂದೆಯ ನೌಕರಿಯ ಮಾತು. ರಾಮ್ಜಿ ಸಕ್ಪಾಲರು ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರರು. ಸೈನ್ಯದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರೂ ಆಗಿದ್ದರು. ಮಹಾರ್ ಸಮುದಾಯ ತಲೆಮಾರುಗಳಿಂದ ಸೈನ್ಯದಲ್ಲಿ ಸೇವೆ ಮಾಡುತ್ತಾ ಬಂದಿತ್ತು. 1891ರ ಏಪ್ರಿಲ್ 14ರಂದು ಬಾಬಾಸಾಹೇಬರು ಮಹೂ ದಂಡಿನಲ್ಲಿ ಹುಟ್ಟಿದರು. ಅವರಿನ್ನೂ ಹಸುಗೂಸಾಗಿದ್ದಾಗಲೇ ಸರ್ಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಯೋಗ್ಯ ಎಂಬುದು ಆಗ ಸರ್ಕಾರದ ಲೆಕ್ಕ. ಒಂದು ಆದೇಶದಿಂದ ಇಡೀ ಸಮುದಾಯದ ಅನ್ನದ ಬಾಗಿಲು ಮುಚ್ಚಿತು. ಅದು ಮತ್ತೆ ಗಟ್ಟಿಯಾಗಿ ತೆರೆದದ್ದು ಅರ್ಧ ಶತಮಾನದ ಮೇಲೆ, ಬಾಬಾಸಾಹೇಬರು ಸರ್ಕಾರವನ್ನು ಬಿಡದೆ ಒತ್ತಾಯಿಸಿದ ನಂತರ. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ದಳ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಬೆಳಗಾವಿಯ ಬಂಧುಗಳು ಇದನ್ನು ಮಕ್ಕಳಿಗೆ ಹೇಳಬೇಕು.

ಇನ್ನು ಅವರ ಸ್ವಂತ ನೌಕರಿ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ವಿದ್ಯಾರ್ಥಿವೇತನ ಕೊಟ್ಟು ಅವರನ್ನು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದು ಮುಗಿದ ಮೇಲೆ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂಬುದು ಕರಾರು. 1917ರಲ್ಲಿ ಅವರು ಬರೋಡಾಕ್ಕೆ ಬಂದಾಗ ಅವರಷ್ಟು ಓದಿದವರು ಆ ಕಚೇರಿಯಲ್ಲಿ ಯಾರಿದ್ದರು? ಆದರೂ ಜವಾನರು ಕಡತಗಳನ್ನು ಕೈಗೆ ಕೊಡದೆ ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಕುಡಿಯಲು ನೀರು ಸಿಗುತ್ತಿರಲಿಲ್ಲ. ಇರಲು ಮನೆ ಸಿಗದೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಗುರುತು ಮರೆಸಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಗೆ ಹಾಕಿತು. ಊರಿನಲ್ಲಿದ್ದ ಇಬ್ಬರು ಸ್ನೇಹಿತರೂ ಒಂದೊಂದು ಕಾರಣ ಹೇಳಿ ಜಾಗ ಕೊಡಲಿಲ್ಲ. ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು.

ಈ ಕಥೆ ನಮಗೆಲ್ಲ ಗೊತ್ತಿರುವುದೇ. ಇದನ್ನು ಹೇಳುವಾಗ ನಾವು ಕಣ್ಣೀರಿನ ಹತ್ತಿರ ನಿಂತುಬಿಡುತ್ತೇವೆ. ನಾನು ಒಂದು ಹೆಜ್ಜೆ ಮುಂದೆ ನೋಡಿ ಎನ್ನುತ್ತೇನೆ. ಆ ಸಂಸ್ಥಾನದ ದೊರೆ ಕೆಟ್ಟವನಲ್ಲ. ಅಸ್ಪೃಶ್ಯರಿಗೆ ಶಾಲೆ ತೆರೆದವರು, ಈ ಹುಡುಗನನ್ನು ಕಡಲಾಚೆ ಕಳಿಸಿದವರು ಅವರೇ. ಹಾಗಿದ್ದರೂ ದೊರೆಯ ಒಳ್ಳೆಯತನ ಜವಾನನ ಮೇಜಿನವರೆಗೆ ಇಳಿದು ಬರಲಿಲ್ಲ. ಮೇಲೆ ಕೂತವರ ಕರುಣೆ ಕೆಳಗೆ ಬರುವಷ್ಟರಲ್ಲಿ ಆರಿಹೋಗುತ್ತದೆ. ಕರುಣೆ ಇದ್ದರೂ ಇಲ್ಲದಿದ್ದರೂ ನಡೆಯಲೇಬೇಕಾದ ನಿಯಮ ಬೇಕು. ಕಾನೂನು ಬೇಕು. ಬಾಬಾಸಾಹೇಬರ ಮುಂದಿನ ಬದುಕನ್ನು ನೋಡಿದರೆ ಬರೋಡಾ ಕಲಿಸಿದ ಪಾಠ ಇದೇ ಅನಿಸುತ್ತದೆ.

1918ರಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರುತ್ತಿದ್ದರಂತೆ. ಅಲ್ಲಿಯೂ ಪ್ರಾಧ್ಯಾಪಕರ ಕೋಣೆಯ ನೀರಿನ ಗಡಿಗೆಯನ್ನು ಅವರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಬರೋಡಾದಲ್ಲಿ ಓದದ ಜವಾನರು, ಇಲ್ಲಿ ಓದಿದ ಪ್ರಾಧ್ಯಾಪಕರು. ಓದು ಬಂದರೆ ಭೇದ ತಾನಾಗಿ ಹೋಗುತ್ತದೆ ಎಂಬ ನಂಬಿಕೆಗೂ ಅಲ್ಲಿ ಪೆಟ್ಟು ಬಿತ್ತು.

ಅದೇ 1918ರಲ್ಲಿ ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ಕೆಲಸಗಳು ಒಂದೇ ಸಮುದಾಯದ ಕೈಯಲ್ಲಿ ಸೇರಿಕೊಂಡಿವೆ, ಹಿಂದುಳಿದವರಿಗೆ ಪಾಲು ಕೊಡುವುದು ಹೇಗೆ ಎಂದು ನೋಡುವುದು ಅದರ ಕೆಲಸ. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಕೆಲಸದ ಬಾಗಿಲು ತೆರೆಯುವ ಆದೇಶಗಳು ಹೀಗೆ ಅಲ್ಲಲ್ಲಿ ಹುಟ್ಟುತ್ತಿದ್ದವು. ಆದರೆ ಬಾಗಿಲ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕಾನೂನು ಇರಲಿಲ್ಲ.

ಈಗ ನನ್ನ ಕಸುಬಿಗೆ ಸೇರಿದ ಕಥೆ. ಮುಂಬಯಿಯ ಗಿರಣಿಗಳಲ್ಲಿ ಸಾವಿರಾರು ದಲಿತರು ದುಡಿಯುತ್ತಿದ್ದರು. ಆದರೆ ನೂಲುವ ಖಾತೆಯಲ್ಲಿ ಮಾತ್ರ. ಕೂಲಿ ಹೆಚ್ಚು ಸಿಗುವ ನೇಯ್ಗೆ ಖಾತೆಗೆ ಅವರಿಗೆ ಪ್ರವೇಶವಿರಲಿಲ್ಲ. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಆಗಿನ ಮಗ್ಗಗಳಲ್ಲಿ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು ಎಳೆಯನ್ನು ಹೀರಿ ಹೊರಗೆ ತೆಗೆಯಬೇಕಿತ್ತು. ಒಬ್ಬರ ಬಾಯಿ ತಾಗಿದ ಲಾಳಿ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ದಲಿತ ಬಾಯಿಟ್ಟ ಲಾಳಿಗೆ ನಾವು ಬಾಯಿಡುವುದಿಲ್ಲ ಎಂದು ಬೇರೆ ಜಾತಿಯ ನೇಕಾರರು ಹಟ ಹಿಡಿದರು. ತಮ್ಮತಮ್ಮೊಳಗೆ ಎಷ್ಟು ಜನರ ಎಂಜಲು ಅದೇ ಲಾಳಿಯಲ್ಲಿ ಹರಿದಾಡುತ್ತಿತ್ತೋ, ಅದು ಅವರ ಲೆಕ್ಕಕ್ಕೆ ಬರಲಿಲ್ಲ.

1928ರ ಏಪ್ರಿಲ್‌ನಲ್ಲಿ ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರ ಆರಂಭವಾಯಿತು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಆರು ತಿಂಗಳು ಕೆಲಸ ನಿಲ್ಲಿಸಿದರು. ಕಾರ್ಮಿಕರೆಲ್ಲ ಒಂದು ಎಂಬ ಕೂಗು ಎಲ್ಲ ಕಡೆ. ಬಾಬಾಸಾಹೇಬರು ಮುಷ್ಕರದ ಮುಖಂಡರ ಮುಂದೆ ಒಂದೇ ಮಾತಿಟ್ಟರು. ನೇಯ್ಗೆ ಖಾತೆಗೆ ನಮ್ಮವರನ್ನೂ ಸೇರಿಸಬೇಕೆಂಬುದು ನಿಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಇರಲಿ, ಇಲ್ಲವಾದರೆ ನಮ್ಮವರು ಮುಷ್ಕರದಲ್ಲಿ ಇರುವುದಿಲ್ಲ ಎಂದರು. ಮುಖಂಡರು ಮನಸ್ಸಿಲ್ಲದ ಮನಸ್ಸಿನಿಂದ ಸೇರಿಸಿದರು. ಮಾಲೀಕರು ಇದು ನಮ್ಮಿಂದ ಆದ ಅನ್ಯಾಯವಲ್ಲ ಎಂದು ಕೈ ತೊಳೆದುಕೊಂಡರು. ಒಂದು ರೀತಿಯಲ್ಲಿ ಅವರ ಮಾತು ನಿಜ. ಬೇಲಿ ಹಾಕಿದವರು ಪಕ್ಕದ ಮಗ್ಗದ ಕಾರ್ಮಿಕರೇ. ಆದರೆ ಆ ಬೇಲಿ ಕಂಡೂ ಸುಮ್ಮನಿದ್ದು ಗಿರಣಿ ನಡೆಸಿದವರು ಮಾಲೀಕರು. ಇಬ್ಬರೂ ಜವಾಬ್ದಾರರು ಎಂದು ಹೇಳುವ ಕಾನೂನು ಆಗ ಇರಲಿಲ್ಲ.

1938ರ ಫೆಬ್ರವರಿಯಲ್ಲಿ ಮನ್ಮಾಡದಲ್ಲಿ ದಲಿತ ರೈಲ್ವೆ ಕಾರ್ಮಿಕರ ಸಮ್ಮೇಳನ ನಡೆಯಿತು. ಅಲ್ಲಿ ಬಾಬಾಸಾಹೇಬರು ಇನ್ನೊಂದು ಗಂಟನ್ನು ಬಿಚ್ಚಿ ತೋರಿಸಿದರು. ದಲಿತರಿಗೆ ರೈಲು ಹಳಿಯ ಮೇಲೆ ಬಿಸಿಲಲ್ಲಿ ದುಡಿಯುವ ಗ್ಯಾಂಗ್‌ಮನ್ ಕೆಲಸ ಸಿಗುತ್ತಿತ್ತು, ನಿಲ್ದಾಣದ ಪೋರ್ಟರ್ ಕೆಲಸ ಸಿಗುತ್ತಿರಲಿಲ್ಲ. ಏಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕೆಂಬುದು ರೂಢಿ. ಮಾಸ್ತರರು ಮೇಲ್ಜಾತಿಯವರು, ದಲಿತನನ್ನು ಮನೆಯೊಳಗೆ ಬಿಡಲಾರರು. ರೈಲ್ವೆಯ ಯಾವ ನಿಯಮದಲ್ಲೂ ದಲಿತ ಪೋರ್ಟರ್ ಆಗಬಾರದೆಂದು ಬರೆದಿರಲಿಲ್ಲ. ಮನೆಗೆಲಸದ ರೂಢಿಯೇ ಆ ಕೆಲಸವನ್ನು ಮಾಡಿ ಮುಗಿಸುತ್ತಿತ್ತು.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಗಡಿಗೆ, ಲಾಳಿ, ಮಾಸ್ತರರ ಮನೆಗೆಲಸ. ಮೂರೂ ಕಡೆ ಭೇದ ತನ್ನ ಹೆಸರು ಹೇಳಿಕೊಂಡು ಬರಲಿಲ್ಲ. ಅನುಕೂಲ, ರೂಢಿ, ಹೊಂದಾಣಿಕೆ ಎಂಬ ಹೆಸರಿನಲ್ಲಿ ಬಂತು. ಬಾಬಾಸಾಹೇಬರ ದೊಡ್ಡತನ ಇರುವುದು ಭೇದದ ವಿರುದ್ಧ ಭಾಷಣ ಮಾಡಿದ್ದರಲ್ಲಿ ಮಾತ್ರವಲ್ಲ, ಅದು ಯಾವ ಮೂಲೆಯಲ್ಲಿ ಅಡಗಿದೆ ಎಂದು ಹುಡುಕಿ ಬೆರಳಿಟ್ಟು ತೋರಿಸಿದ್ದರಲ್ಲಿ.

ಹೆಣ್ಣುಮಕ್ಕಳ ಕೆಲಸದ ವಿಷಯದಲ್ಲೂ ಹಾಗೆಯೇ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಖರ್ಚನ್ನು ಪೂರಾ ಮಾಲೀಕರ ಮೇಲೆ ಹಾಕದೆ ಸರ್ಕಾರವೂ ಒಂದು ಪಾಲು ಹೊರಬೇಕು, ತಾಯಂದಿರ ಆರೈಕೆ ಇಡೀ ನಾಡಿನ ಹಿತ ಎಂಬುದು ಅವರ ವಾದ. ಮರುವರ್ಷ, 1929ರಲ್ಲಿ, ಅದು ಕಾನೂನಾಯಿತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು ಎಂಬುದನ್ನು ನೆನಪಿಡಿ. ಆ ಪರಿಷತ್ತಿನ ಮಾತು ನಮ್ಮ ಅಜ್ಜಿಯಂದಿರಿಗೂ ಸೇರಿದ್ದು.

1942ರ ಜುಲೈನಲ್ಲಿ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು, ಅಂದರೆ ಇಂದಿನ ಕಾರ್ಮಿಕ ಮಂತ್ರಿಯ ಸ್ಥಾನ. ಗಡಿಗೆ ಮುಟ್ಟಬಾರದವರು ಎನಿಸಿಕೊಂಡವರ ಕೈಗೆ ದೇಶದ ದುಡಿಮೆಗಾರರ ಕಡತ ಬಂತು. ಅವರ ಒತ್ತಾಯದಿಂದ 1943ರಲ್ಲಿ ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ಶೇಕಡಾ 8⅓ರಷ್ಟು ಮೀಸಲಾತಿ ಆದೇಶವಾಯಿತು. ಯುದ್ಧದ ಕಾಲದಲ್ಲಿ ಕಲ್ಲಿದ್ದಲಿನ ಕೊರತೆ ಬಿದ್ದು, ಹೆಂಗಸರು ಗಣಿಯ ಒಳಗೆ ಇಳಿಯಬಾರದೆಂಬ ನಿಷೇಧವನ್ನು ಸರ್ಕಾರ ತಾತ್ಕಾಲಿಕವಾಗಿ ತೆಗೆಯಿತು. ಅದಕ್ಕೆ ಬಹಳ ಟೀಕೆ ಬಂತು. ಟೀಕೆಗೆ ಸದನದಲ್ಲಿ ಉತ್ತರ ಕೊಡಬೇಕಾದವರು ಬಾಬಾಸಾಹೇಬರೇ. ಕಷ್ಟದ ನಿರ್ಧಾರವದು. ಆದರೆ ಗಣಿಗೆ ಇಳಿದ ಹೆಣ್ಣಿಗೆ ಗಂಡಿನಷ್ಟೇ ಕೂಲಿ ಎಂಬ ಷರತ್ತನ್ನು ಅದರಲ್ಲಿ ಸೇರಿಸಲಾಗಿತ್ತು. 1946ರಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಅದೇ ವರ್ಷ ಕಾರ್ಖಾನೆಗಳ ಕೆಲಸದ ಅವಧಿ ವಾರಕ್ಕೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ತತ್ವ ಮುಂದೆ ಸಂವಿಧಾನದ 39ನೆಯ ವಿಧಿಯಲ್ಲಿ ಸೇರಿತು, 1976ರಲ್ಲಿ ಸಮಾನ ವೇತನ ಕಾಯ್ದೆಯಾಯಿತು.

ಈಗ ಶೀರ್ಷಿಕೆಯಲ್ಲಿ ಹೇಳಿದ ಆ ಕಲಮಿನ ಮಾತು. 1947ರ ಮಾರ್ಚ್‌ನಲ್ಲಿ ಅವರು ಪರಿಶಿಷ್ಟ ಜಾತಿ ಒಕ್ಕೂಟದ ಪರವಾಗಿ ಒಂದು ಮನವಿ ಸಿದ್ಧಪಡಿಸಿದರು. ಅದರ ಹೆಸರು ಸ್ಟೇಟ್ಸ್ ಅಂಡ್ ಮೈನಾರಿಟೀಸ್. ಸಂವಿಧಾನ ಹೇಗಿರಬೇಕೆಂದು ಅವರು ತಾವೇ ಬರೆದ ಕರಡು ಅದು. ಅದರಲ್ಲಿ ಒಂದು ಕಲಮು ಹೀಗಿದೆ, ನನ್ನ ಮಾತಿನಲ್ಲಿ ಹೇಳುತ್ತೇನೆ. ಸರ್ಕಾರಿ ಅಧಿಕಾರಿಯೇ ಆಗಲಿ, ಕಾರ್ಖಾನೆ ಅಥವಾ ವ್ಯಾಪಾರ ಸಂಸ್ಥೆಯ ಖಾಸಗಿ ಮಾಲೀಕನೇ ಆಗಲಿ, ಜನಾಂಗ, ಮತ ಅಥವಾ ಸಾಮಾಜಿಕ ಸ್ಥಾನ ನೋಡಿ ಭೇದ ಮಾಡಿದರೆ ಅದು ಅಪರಾಧ. ಅದನ್ನು ವಿಚಾರಿಸಲು ಪ್ರತ್ಯೇಕ ನ್ಯಾಯಮಂಡಳಿ ಇರಬೇಕು.

ಖಾಸಗಿ ಮಾಲೀಕ ಎಂಬ ಪದವನ್ನು ಗಮನಿಸಿ. ಮುಂಬಯಿಯ ಲಾಳಿಯನ್ನು ಅವರು ಮರೆತಿರಲಿಲ್ಲ ಎಂದೇ ನನಗೆ ತೋರುತ್ತದೆ. ಅಮೆರಿಕದಲ್ಲಿ ಖಾಸಗಿ ಕೆಲಸದ ಜಾಗದ ಭೇದವನ್ನು ದೇಶವ್ಯಾಪಿ ಕಾನೂನು ನಿಷೇಧಿಸಿದ್ದು 1964ರಲ್ಲಿ. ಬ್ರಿಟನ್ನಿನ ಜನಾಂಗ ಸಂಬಂಧ ಕಾಯ್ದೆ ಉದ್ಯೋಗಕ್ಕೆ ಅನ್ವಯವಾದದ್ದು 1968ರಲ್ಲಿ. ನಮ್ಮ ಬಾಬಾಸಾಹೇಬರು 1947ರಲ್ಲೇ ಅದನ್ನು ಕಲಮಾಗಿ ಬರೆದು ಮುಂದಿಟ್ಟಿದ್ದರು.

ಆದರೆ ಆ ಕಲಮು ಸಂವಿಧಾನದೊಳಗೆ ಬರಲಿಲ್ಲ. ಬಂದದ್ದು ಸಣ್ಣದೇನಲ್ಲ. 16ನೆಯ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಕುಲ, ಹುಟ್ಟಿದ ಸ್ಥಳ, ವಾಸಸ್ಥಳ ನೋಡಿ ಭೇದ ಮಾಡಬಾರದು ಎಂದಿತು, ಹಿಂದುಳಿದವರಿಗೆ ಮೀಸಲಾತಿಗೂ ಜಾಗ ಕೊಟ್ಟಿತು. 1948ರ ನವೆಂಬರ್ 30ರಂದು ಅದರ ಚರ್ಚೆ ನಡೆದಾಗ ಹಿಂದುಳಿದವರು ಎಂದರೆ ಯಾರು ಎಂಬ ಪ್ರಶ್ನೆ ಎದ್ದಿತು. ಮೈಸೂರಿನ ಪ್ರತಿನಿಧಿ ಟಿ. ಚನ್ನಯ್ಯನವರು ದಕ್ಷಿಣದಲ್ಲಿ ಆ ಪದಕ್ಕಿರುವ ಅರ್ಥವನ್ನು ಸಭೆಗೆ ತಿಳಿಸಿದರು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಆದರೆ 16ನೆಯ ವಿಧಿಯ ಕೈ ಸರ್ಕಾರಿ ಕಚೇರಿಯ ಗೋಡೆಯವರೆಗೆ ಮಾತ್ರ. ಗಿರಣಿ, ಅಂಗಡಿ, ಕಂಪನಿ ಹೊರಗೆ ಉಳಿದವು.

17ನೆಯ ವಿಧಿಗೆ ಬಲ ಕೊಡಲು ಬಂದ ಅಸ್ಪೃಶ್ಯತಾ ಅಪರಾಧಗಳ ಮಸೂದೆಯ ಮೇಲೆ ಬಾಬಾಸಾಹೇಬರು 1954ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮಾತನಾಡಿ ಅದರ ಕೊರತೆಗಳನ್ನು ಎತ್ತಿ ತೋರಿಸಿದರು. 1955ರಲ್ಲಿ ಅದು ಕಾಯ್ದೆಯಾಯಿತು. ವೃತ್ತಿ, ಕಸುಬು, ವ್ಯಾಪಾರ ಮಾಡುವವರಿಗೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಶಿಕ್ಷೆ ಎಂದಿತು. ಯಾವುದೇ ಕೆಲಸದಲ್ಲಿ ನೌಕರಿ ಎಂಬ ಮಾತು ಅದಕ್ಕೆ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಆಗಲೇ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಾಯಿತು. ಅದರಲ್ಲಿ ಒಂದು ಒಳ್ಳೆಯ ಅಂಶವಿದೆ. ಅಂಥ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಎಂದು ನ್ಯಾಯಾಲಯ ಮೊದಲೇ ಭಾವಿಸಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು. ಅನುಕೂಲ, ರೂಢಿ ಎಂಬ ನೆಪಗಳಿಗೆ ಇದು ಕಾನೂನು ಕೊಟ್ಟ ಉತ್ತರ.

ಹಾಗಿದ್ದರೂ ಇಂದಿಗೂ ಖಾಸಗಿ ಕಂಪನಿಯ ನೇಮಕಾತಿಯಲ್ಲಿ ನಡೆಯುವ ಎಲ್ಲ ಬಗೆಯ ಜಾತಿ ಭೇದವನ್ನು ವಿಚಾರಿಸುವ ಪ್ರತ್ಯೇಕ ನ್ಯಾಯಮಂಡಳಿ ನಮ್ಮ ದೇಶದಲ್ಲಿಲ್ಲ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್ವೆಲ್ ಅವರು ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿದರು. ವಿದ್ಯೆ ಒಂದೇ, ಹೆಸರು ಮಾತ್ರ ಬೇರೆ. ದಲಿತ ಹೆಸರಿನ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಎಂದು ಕಂಡುಬಂತು. ನಮ್ಮ ಕಡೆ ಹೆಸರಿನಿಂದ ಗೊತ್ತಾಗದಿದ್ದರೆ ಊರು ಕೇಳುತ್ತಾರೆ, ಊರಿನಲ್ಲಿ ಯಾವ ಬೀದಿ ಎಂದು ಕೇಳುತ್ತಾರೆ, ಕೊನೆಗೆ ನಿಮ್ಮ ಮನೆದೇವರು ಯಾವುದು ಎಂದು ನಗುತ್ತಾ ಕೇಳುತ್ತಾರೆ. ನನ್ನ ತಮ್ಮನ ಮಗ ಕೆಲಸದ ಸಂದರ್ಶನದಿಂದ ಬಂದು ಇದನ್ನು ಹೇಳಿದಾಗ ನನಗೆ ಲಾಳಿಯೇ ನೆನಪಾಯಿತು. ಮಗ್ಗ ಬದಲಾಗಿದೆ, ತೂತು ಹಾಗೇ ಇದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದರು. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ಅವರನ್ನು ಹಿಂಬಾಲಿಸಿ ಬೌದ್ಧರಾದವರು ಒಂದು ಬೆಲೆ ತೆತ್ತರು. ಕೇಂದ್ರದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ ಎಂಬ ಗುರುತು ಬೌದ್ಧರಿಗೆ ಸಿಕ್ಕಿದ್ದು 1990ರಲ್ಲಿ. ಮೂವತ್ತನಾಲ್ಕು ವರ್ಷ ನಮ್ಮ ಹಿರಿಯರು ಕೇಂದ್ರದ ಮೀಸಲಾತಿಗಿಂತ ಧಮ್ಮ ದೊಡ್ಡದೆಂದು ಬಾಳಿದರು. ಅವರನ್ನು ಇವತ್ತು ನೆನೆಯೋಣ.

ಜೀವನವಿಡೀ ಕಾನೂನು ಕಟ್ಟಿದವರು ಕೊನೆಗೆ ಧಮ್ಮಕ್ಕೆ ಬಂದದ್ದೇಕೆ? ನನಗೆ ತಿಳಿದಷ್ಟು ಹೇಳುತ್ತೇನೆ. ಕಾನೂನು ಗಡಿಗೆಯನ್ನು ಎಲ್ಲರಿಗೂ ತೆರೆಯಬಹುದು. ಪಕ್ಕದವನು ತನ್ನ ಕೈಯಿಂದ ನೀರು ಮೊಗೆದು ಕೊಡುವಂತೆ ಮಾಡಲು ಮೈತ್ರಿಯೇ ಬೇಕು. ಶಾಕ್ಯ ರಾಜಕುಮಾರರು ಸಂಘಕ್ಕೆ ಬಂದಾಗ ಅವರ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಆಯಿತು. ರಾಜಕುಮಾರರು ಅವನಿಗೆ ತಲೆಬಾಗಬೇಕಾಯಿತು. ಮುಂದೆ ವಿನಯದಲ್ಲಿ, ಅಂದರೆ ಸಂಘದ ಕಾನೂನಿನಲ್ಲಿ, ಅವನೇ ಎಲ್ಲರಿಗಿಂತ ಬಲ್ಲವನಾದ. ಸಂಘದಲ್ಲಿ ಮೊದಲು ಬಂದವನು ಹಿರಿಯ ಎಂಬುದು ನಿಯಮ, ಗರ್ವ ಕರಗಬೇಕೆಂಬುದು ಮೈತ್ರಿ. ಎರಡೂ ಒಂದೇ ಘಟನೆಯಲ್ಲಿವೆ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಒಡೆಯನಿಗೆ ಹೇಳಿದ ಕರ್ತವ್ಯಗಳೂ ಹಾಗೆಯೇ. ಶಕ್ತಿ ನೋಡಿ ಕೆಲಸ ಕೊಡುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು, ಒಳ್ಳೆಯ ತಿನಿಸನ್ನು ಹಂಚಿಕೊಳ್ಳುವುದು, ಸಮಯಕ್ಕೆ ಬಿಡುವು ಕೊಡುವುದು. ಇದರಲ್ಲಿ ಹುಟ್ಟಿನ ಲೆಕ್ಕ ಎಲ್ಲಿಯೂ ಇಲ್ಲ.

ಇಂದಿನ ಅಭ್ಯಾಸ:

ನೀವು ದುಡಿಯುವ ಜಾಗದಲ್ಲಿ ಇಂದು ಮೂರು ವಿಷಯ ಗಮನಿಸಿ. ಕಸ ಗುಡಿಸುವ ಅಕ್ಕನ ಚಹಾ ಲೋಟ ಎಲ್ಲಿಡುತ್ತಾರೆ? ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಯಾರು ಯಾರ ಪಕ್ಕ ಕೂರುತ್ತಾರೆ? ಹೊಸಬರು ಬಂದಾಗ ಅವರ ಕೆಲಸದ ಬಗ್ಗೆ ಕೇಳುತ್ತಾರೋ, ಮನೆದೇವರ ಬಗ್ಗೆ ಕೇಳುತ್ತಾರೋ? ಸಿಟ್ಟು ಬೇಡ, ಮೊದಲು ಸ್ಮೃತಿಯಿಂದ ನೋಡಿ. ಕಂಡದ್ದನ್ನು ಬರೆದಿಡಿ. ಆಮೇಲೆ ನಿಮ್ಮ ಕೈಯಲ್ಲಿರುವ ಒಂದನ್ನು ಸರಿಪಡಿಸಿ. ಸರಿಪಡಿಸಲಾಗದ್ದಕ್ಕೆ ಕಾನೂನಿನ ದಾರಿ ಇದೆ, ಅದನ್ನು ಹಿಡಿಯಲು ಹೆದರಬೇಡಿ. ಆ ದಾರಿ ಇನ್ನೂ ಪೂರ್ತಿಯಾಗಿಲ್ಲ. 1947ರ ಆ ಕಲಮು ನಮಗಾಗಿ ಕಾಯುತ್ತಿದೆ.

ಭಾನುವಾರದ ಬಳಗದಲ್ಲಿ ಈ ಬಗ್ಗೆ ಮಾತಾಡೋಣ. ಮನೆಯ ಮಕ್ಕಳಿಗೂ ಓದಿ ಹೇಳಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.